ಆ ದುಂಡು ಕಪಾಟಿಗೆ ಹೆಸರಿದೆ

ಮಾನ್ಯ ಸಂಪಾದಕರೇ,

ಮನೆ ಅಲಂಕಾರದ ಪುಟಗಳಲ್ಲಿ ಮಂಚದ ಪಕ್ಕದ ಬಿಳಿ, ದುಂಡು ಪ್ಲಾಸ್ಟಿಕ್ ಕಪಾಟೊಂದು ಆಗಾಗ ಕಾಣಿಸುತ್ತದೆ. ಅಡಿಯಲ್ಲಿ ‘ಇಟಾಲಿಯನ್ ಶೈಲಿ’ ಎಂದಷ್ಟೇ ಬರೆದಿರುತ್ತದೆ. ಅದರ ಹೆಸರು ಕಾಂಪೊನಿಬಿಲಿ. ರೂಪಿಸಿದವರು ಮಿಲಾನ್‌ನ ವಾಸ್ತುಶಿಲ್ಪಿ ಅನ್ನಾ ಕಾಸ್ಟೆಲ್ಲಿ ಫೆರಿಯೇರಿ. ಇನ್ನು ಮುಂದೆ ಚಿತ್ರದ ಜೊತೆಗೆ ಆ ಹೆಸರೂ ಬರಲಿ.

ಆಕೆಯ ಪತಿ, ರಾಸಾಯನಿಕ ಎಂಜಿನಿಯರ್ ಜೂಲಿಯೋ ಕಾಸ್ಟೆಲ್ಲಿ 1949ರಲ್ಲಿ ಕಾರ್ಟೆಲ್ ಕಂಪನಿ ಕಟ್ಟಿದವರು. ಆ ಕಂಪನಿಗಾಗಿ ಆಕೆ 1967ರಲ್ಲಿ ಮಾಡಿದ ಕಾಂಪೊನಿಬಿಲಿ ಮೊದಲು ಚೌಕವಾಗಿತ್ತು. ದುಂಡನೆಯದು ಆಮೇಲಿನದು. ಈಗ ಅದು ನ್ಯೂಯಾರ್ಕ್‌ನ ಮೋಮಾ, ಪ್ಯಾರಿಸ್ಸಿನ ಪೊಂಪಿಡೂ ಕಲಾ ಸಂಗ್ರಹಾಲಯಗಳಲ್ಲೂ ಇದೆ.

ಜಾಣ್ಮೆಯೆಲ್ಲ ಜೋಡಣೆಯಲ್ಲಿದೆ. ಸ್ಕ್ರೂ, ಮೊಳೆ, ಕೀಲು ಯಾವುದೂ ಇಲ್ಲ. ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ಒತ್ತಿ ತೆಗೆದ ಅಂತಸ್ತುಗಳು ಊಟದ ಕ್ಯಾರಿಯರ್ ಡಬ್ಬಿಗಳ ಹಾಗೆ ಒಂದರ ಮೇಲೊಂದು ಕೂರುತ್ತವೆ. ಮೇಲಿನದರ ತಳವೇ ಕೆಳಗಿನದಕ್ಕೆ ಮುಚ್ಚಳ. ತುದಿಗೆ ಮಾತ್ರ ಬೇರೆ ಮುಚ್ಚಳ. 32 ಸೆಂ.ಮೀ. ಅಗಲದ್ದರಲ್ಲಿ ಎರಡು ಅಂತಸ್ತಿನದು 40 ಸೆಂ.ಮೀ. ಎತ್ತರ, ಮೂರರದ್ದು 58.5. ಅಂದರೆ ಅಂತಸ್ತಿಗೆ 18.5 ಸೆಂ.ಮೀ. ಹಿಡಿಯೂ ಇಲ್ಲ, ಬೆರಳಿಗೊಂದು ತೂತು. ಬಾಗಿಲು ದುಂಡನೆಯ ಜಾಡಿನಲ್ಲಿ ಜಾರಿ ಪಕ್ಕಕ್ಕೆ ಸರಿಯುತ್ತದೆ, ಹೊರಗೆ ಚಾಚುವುದೇ ಇಲ್ಲ. ಮಂಚಕ್ಕೂ ಗೋಡೆಗೂ ನಡುವಿನ ಇಕ್ಕಟ್ಟಿಗೆ ಇದು ಒಗ್ಗುವುದು ಅದರಿಂದಲೇ. ಕೋಣೆಯ ಅಳತೆ ಬಲ್ಲವರ ಕೆಲಸ ಇದು.

ಹಳೆಯ ಬಿಳಿಯವು ಹಳದಿಯಾಗುವುದು ಕೊಳೆಯಿಂದಲ್ಲ. ಎಬಿಎಸ್‌ನಲ್ಲಿರುವ ಬ್ಯುಟಡೈಈನ್ ಎಂಬ ರಬ್ಬರಿನಂಥ ಅಂಶ ಬಿಸಿಲಿನ ಅತಿನೇರಳೆ ಕಿರಣಕ್ಕೆ ಸಿಕ್ಕಿ ಆಮ್ಲಜನಕದೊಡನೆ ಸೇರುತ್ತದೆ. ಮೇಲ್ಪದರ ಬಣ್ಣಗೆಟ್ಟು ಪೆಡಸಾಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟರೆ ಬಿಳುಪು ಮರಳಬಹುದು, ಆದರೆ ಕಳೆದ ಗಟ್ಟಿತನ ಮರಳದು, ಹಳದಿ ಮತ್ತೆ ಬರುವುದೂ ಉಂಟು. ಕಿಟಕಿಯಿಂದ ದೂರವಿಡುವುದೇ ಸರಿ. ಒರೆಸಲು ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು. ಉಗುರುಬಣ್ಣ ತೆಗೆಯುವ ಅಸಿಟೋನ್ ಒಂದು ಹನಿ ಬಿದ್ದರೂ ಮೈ ಕರಗಿ ಕಲೆಯಾಗುತ್ತದೆ, ಅದಕ್ಕೆ ಮದ್ದಿಲ್ಲ. ಬಾಗಿಲು ಬಿಗಿಯಾದರೆ ಎಳೆದಾಡಬೇಡಿ. ಮೊದಲು ಜಾಡಿನ ಧೂಳು ತೆಗೆಯಿರಿ, ಆಮೇಲೆ ನೆಲ ಮಟ್ಟಸವಿದೆಯೇ ನೋಡಿ.

ಹಳೆಯದನ್ನು ಕೊಳ್ಳುವವರು ಅಂತಸ್ತುಗಳನ್ನು ಬಿಡಿಸಿ ಅಂಚುಗಳಲ್ಲಿ ಬಿರುಕಿದೆಯೇ ಪರೀಕ್ಷಿಸಲಿ, ತಳವನ್ನು ಮಗುಚಿ ಅಚ್ಚಿನಲ್ಲೇ ಮೂಡಿದ ಕಾರ್ಟೆಲ್ ಹೆಸರು ಹುಡುಕಲಿ.

– ಪೀಠೋಪಕರಣ ದುರಸ್ತಿಗಾರರು, ಮೈಸೂರು