ಹಳೆ ಪೆನ್ನಿಗೆ ಬಿಸಿನೀರೂ ಬೇಡ, ಸ್ಪಿರಿಟ್ಟೂ ಬೇಡ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯ ಮನೆ ಸಲಹೆಗಳಲ್ಲಿ, ಒಣಗಿಹೋದ ಶಾಯಿ ಪೆನ್ನನ್ನು ಬಿಸಿನೀರಿನಲ್ಲಿ ನೆನೆಸಿ, ಆಮೇಲೆ ಸ್ಪಿರಿಟ್ ಹಾಕಿ ಒರೆಸಿ ಎಂದು ಬರೆದಿದ್ದೀರಿ. ದಯವಿಟ್ಟು ಇದನ್ನು ತಿದ್ದಿ. ಎರಡೂ ತಪ್ಪು. ಮೊದಲನೆಯದನ್ನು ನಾನೇ ಮಾಡಿ ಅನುಭವಿಸಿದ್ದೇನೆ.

ನಮ್ಮ ಸೋದರಮಾವನ ಕಪ್ಪು ಪೆನ್ನೊಂದು ಮನೆಯಲ್ಲಿತ್ತು. ಪಕ್ಕದಲ್ಲಿ ಪುಟ್ಟ ಲಿವರ್ ಇರುವಂಥದ್ದು, ಎಬೊನೈಟ್ ಮೈ. ಎಬೊನೈಟ್ ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು. ಕಾಫಿಗೆ ಕಾಯಿಸಿದ ನೀರಿನಲ್ಲೇ ಅರ್ಧ ಲೋಟ ಬಗ್ಗಿಸಿಕೊಂಡು ಅದನ್ನು ಅದ್ದಿದೆ. ಹತ್ತು ನಿಮಿಷ ಬಿಟ್ಟು ತೆಗೆದರೆ ಫಳಫಳ ಕಪ್ಪು ಹೋಗಿ, ಹೊಸ ಹುಣಸೆಹಣ್ಣಿನ ಬಣ್ಣ ಬಂದಿತ್ತು. ಅದು ಮತ್ತೆ ಕಪ್ಪಾಗಲಿಲ್ಲ. ಮಾವ ಬದುಕಿದ್ದಿದ್ದರೆ ಏನನ್ನುತ್ತಿದ್ದರೋ!

ಆ ಭಯ ಇದ್ದದ್ದರಿಂದಲೇ ಅಪ್ಪನ ಜೋಡಿ ಉಳಿಯಿತು. 1952ರಲ್ಲಿ ಅಪ್ಪ ಅಮ್ಮನ ಮದುವೆ. ಆಗ ವರನಿಗೆ ವಾಚು ಕೊಡುವುದು, ಪೆನ್ನು ಕೊಡುವುದು ಇತ್ತಲ್ಲ, ನಮ್ಮ ತಾತ ಪಾರ್ಕರ್ 51 ಪೆನ್ನು ಮತ್ತು ಅದೇ ಬಣ್ಣದ ಪೆನ್ಸಿಲ್ಲನ್ನು ಒಂದೇ ಡಬ್ಬಿಯಲ್ಲಿ ಕೊಟ್ಟರಂತೆ. ದ್ರಾಕ್ಷಿಯ ಕೆಂಪು, ಮೇಲೆ ಬಂಗಾರದ ಬಣ್ಣದ ಕ್ಯಾಪು. 1888ರಲ್ಲಿ ಶುರುವಾದ ಕಂಪನಿ 1939ರಲ್ಲಿ, ತನ್ನ 51ನೇ ವರ್ಷದಲ್ಲಿ, ಈ ಪೆನ್ನಿನ ಕೆಲಸ ಮುಗಿಸಿತು. ಅದಕ್ಕೇ ಆ ಹೆಸರು. ಮಾರಾಟಕ್ಕೆ ಬಂದದ್ದು 1941ರಲ್ಲಿ.

ಅಪ್ಪ ಮಂಡ್ಯದ ಕಡೆ ನಾಲೆ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದರು. ಗದ್ದೆ ಬದುವಿನ ಮೇಲೆ ನಿಂತು ಅಳತೆ ಬರೆದುಕೊಳ್ಳುವುದು ಪೆನ್ಸಿಲ್ಲಿನಲ್ಲಿ, ಮಳೆ ಹನಿ ಬಿದ್ದರೂ ಹರಡುವುದಿಲ್ಲ ಅಂತ. ರಾತ್ರಿ ಮನೆಗೆ ಬಂದು ಅದನ್ನೇ ಪೆನ್ನಿನಲ್ಲಿ ನೀಟಾಗಿ ಬರೆಯುತ್ತಿದ್ದರು. ಜೋಡಿ ಅಂದರೆ ಬರೀ ಅಂದಕ್ಕಲ್ಲ ಅಂತ ನನಗೆ ಗೊತ್ತಾದದ್ದು ಹಾಗೆ. ಅವರು ಹೋದ ಮೇಲೆ ಎರಡೂ ಬೀರುವಿಗೆ ಸೇರಿದವು, ಪೆನ್ನಿನೊಳಗೆ ಶಾಯಿ ಹಾಗೇ ಇತ್ತು.

ಪೇಟೆಯಲ್ಲಿ ಒಬ್ಬರಿಗೆ ತೋರಿಸಿದೆ. ‘ಒಳಗಿನ ಟ್ಯೂಬು ಕಿತ್ತು ಬೇರೆ ಹಾಕ್ಬೇಕು ಅಮ್ಮ. ಬಫ್ ಹೊಡೆದು ಈ ಹೆಸರೂ ತೆಗೆದುಬಿಡ್ತೀನಿ, ಹೊಸದರ ಥರ ಕಾಣುತ್ತೆ’ ಅಂದರು. ಅಪ್ಪ ಆಸೆಪಟ್ಟು ಕೆತ್ತಿಸಿಕೊಂಡ ಹೆಸರು ಅದು. ಸುಮ್ನೆ ವಾಪಸ್ ತಂದೆ.

ಆ ಟ್ಯೂಬಿಗೆ ಏನೂ ಆಗಿರಲಿಲ್ಲ. 1948ರಿಂದ ಈ ಪೆನ್ನುಗಳಲ್ಲಿ ರಬ್ಬರಿನ ಬದಲು ಪಾರದರ್ಶಕ ಪಿವಿಸಿ ಚೀಲ ಬಂತು. ಎಪ್ಪತ್ತು ವರ್ಷವಾದರೂ ಮೆತ್ತಗೇ ಇರುತ್ತದೆ. ಶಾಯಿ ಗಟ್ಟಿಯಾಗಿ ಕೂರುವುದು ನಿಬ್ಬಿನ ಹಿಂದೆ. ಅಲ್ಲಿ ಬಾಚಣಿಗೆಯಂತೆ ಸೀಳುಸೀಳಾದ ಒಂದು ತುಂಡಿದೆ, ಹೆಚ್ಚಾದ ಶಾಯಿಯನ್ನು ಹಿಡಿದುಕೊಳ್ಳುವುದಕ್ಕೆ. ಸ್ಟೀಲ್ ಲೋಟದಲ್ಲಿ ತಣ್ಣೀರು ಹಾಕಿ, ನಿಬ್ಬು ಮುಳುಗುವಷ್ಟು ಇಳಿಸಿದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಚೀಲದ ಮೇಲಿನ ಲೋಹದ ಪಟ್ಟಿ ಒತ್ತಿ ಬಿಡುವುದು, ನೀರು ಬದಲಿಸುವುದು. ಮೊದಲ ದಿನ ನೀರೆಲ್ಲ ಕಡುನೀಲಿ. ಐದನೇ ದಿನ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ತೊಟ್ಟು ಹಾಕಿದೆ. ಒಂಬತ್ತನೇ ದಿನ ತಿಳಿನೀರು ಬಂತು. ನನ್ನ ಖರ್ಚು ಅಷ್ಟೇ.

ಇನ್ನು ಸ್ಪಿರಿಟ್. ಈ ಪೆನ್ನಿನ ಮೈ ಅಕ್ರಿಲಿಕ್ಕು. ಸ್ಪಿರಿಟ್ ತಾಗಿದರೆ ಅದರಲ್ಲಿ ಕೂದಲೆಳೆಯಂಥ ಬಿರುಕು ಏಳುತ್ತದೆ. ಜೊತೆಗೆ ಹಳೆ ಪೆನ್ನುಗಳ ಕೂಡುಗಳನ್ನು ಅಂಟಿಸಿರುವುದು ಅರಗಿನಿಂದ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿಯೇ ಬಡಗಿಗಳು ಮರಕ್ಕೆ ಪಾಲಿಶ್ ಹೊಡೆಯುವುದು, ಅಲ್ವಾ? ಪೆನ್ನಿನೊಳಗೂ ಅದು ಕರಗದೆ ಇರುತ್ತದೆಯೇ? ಈಗಿನ ಕ್ವಿಕ್ ಗಮ್ಮೂ ಬೇಡ. ಅರಗಾದರೆ ಸ್ವಲ್ಪ ಒಣ ಶಾಖಕ್ಕೆ ಬಿಡುತ್ತದೆ, ಮುಂದೆ ರಿಪೇರಿ ಮಾಡುವವರಿಗೆ ದಾರಿ ಇರುತ್ತದೆ. ಮಾವನ ಪೆನ್ನಿಗೆ ಹೊಸ ರಬ್ಬರ್ ಚೀಲವನ್ನು ನಾನು ಅರಗಿನಲ್ಲೇ ಕೂರಿಸಿದೆ. ಬಣ್ಣ ಹೋದರೂ ಬರೆಯುತ್ತದೆ, ಪಾಪ. ಮೈಸೂರಿನವರಿಗೆ ಅರಗು ಹೊಸದೇನಲ್ಲ. ಚುನಾವಣೆಯ ಶಾಯಿ ಮಾಡುವ ನಮ್ಮ ಕಾರ್ಖಾನೆ 1937ರಲ್ಲಿ ಶುರುವಾದಾಗ ಅದರ ಹೆಸರಿನಲ್ಲೇ ಅರಗು ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್.

ಅದೇ ಅರಗು ಶಾಯಿಯೊಳಗೆ ಬಂದರೆ ಮಾತ್ರ ಪೆನ್ನಿಗೆ ಶತ್ರು. ಚಿತ್ರ ಬರೆಯುವ ಕಪ್ಪು ಇಂಡಿಯನ್ ಇಂಕಿನಲ್ಲಿ ಅದು ಇರುತ್ತದೆ. ಪೆನ್ನಿಗೆ ಹಾಕಿದರೆ ಒಳಗೇ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ನೀಲಿ ಶಾಯಿ ಸಾಕು. ನಾನು ಹಾಕುವುದು ಬ್ರಿಲ್.

ಪೆನ್ಸಿಲ್ಲನ್ನು ನಿಮ್ಮ ಅಂಕಣ ಕೇಳುವುದೇ ಇಲ್ಲ. ಎಲ್ಲರೂ ಹಾಗೆಯೇ, ಪೆನ್ನು ಇಟ್ಟುಕೊಂಡು ಪೆನ್ಸಿಲ್ಲನ್ನು ಮಕ್ಕಳ ಕೈಗೆ ಕೊಡುತ್ತಾರೆ. ನಮ್ಮದರಲ್ಲಿ ಮುರಿದ ಲೆಡ್ಡು ಸಿಕ್ಕಿಕೊಂಡು ತಲೆ ಒತ್ತಿದರೆ ಏನೂ ಬರುತ್ತಿರಲಿಲ್ಲ. ಗುಂಡುಸೂಜಿ ಚುಚ್ಚಿದರೆ ಒಳಗಿನ ಹಿಡಿತ ಹಾಳಾಗುತ್ತದೆ. ನನ್ನ ವೀಣೆಯ ತುಂಡಾದ ತಂತಿಯನ್ನು ತುದಿಯಿಂದ ಮೆಲ್ಲಗೆ ತೂರಿಸಿ ಹಿಂದಕ್ಕೆ ದೂಡಿದೆ. ಮೂರು ಚೂರು ಬಿದ್ದವು. ಅದಕ್ಕೆ ಬೇಕಾದದ್ದು 0.9 ಮಿಲಿಮೀಟರ್ ಲೆಡ್ಡು. ಮಕ್ಕಳು ಬಳಸುವ 0.5 ಹಾಕಿದರೆ ಜಾರಿ ಕೆಳಗೆ ಬೀಳುತ್ತದೆ. ನಾಲ್ಕು ಅಂಗಡಿ ಸುತ್ತಿದ ಮೇಲೆ ಸಿಕ್ಕಿತು.

ಕ್ಯಾಪನ್ನು ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ತಿಕ್ಕಿ ಅಂತ ಮುಂದಿನ ವಾರ ಬರೆಯುವ ಯೋಚನೆ ಇದ್ದರೆ ಅದನ್ನೂ ಬಿಡಿ. ಮೇಲಿರುವುದು ತೆಳುವಾದ ಚಿನ್ನದ ಪದರ, ತಿಕ್ಕಿದಷ್ಟೂ ಸವೆಯುತ್ತದೆ.

ಈ ತಿದ್ದುಪಡಿಯನ್ನು ಅದೇ ಪುರವಣಿಯ ಅದೇ ಜಾಗದಲ್ಲಿ ಹಾಕಿ. ಇಷ್ಟು ಹೊತ್ತಿಗೆ ಯಾರಾದರೂ ಅಜ್ಜನ ಪೆನ್ನಿಗೆ ನೀರು ಕಾಯಿಸುತ್ತಿರಬಹುದು.

ನಿಮ್ಮ ಹಳೆಯ ಓದುಗಿ,
ನಿವೃತ್ತ ಅಂಚೆ ನೌಕರಳು
ಸರಸ್ವತೀಪುರಂ, ಮೈಸೂರು