ಮೇ 1ರೊಳಗೆ ಕಾಲೇಜ್ ಆರಿಸ್ಬೇಕಾದ ಮನೆಯವ್ರಿಗೆ

ಎಲ್ರಿಗೂ ನಮಸ್ಕಾರ 🙏 ಹನ್ನೆರಡನೇ ಗ್ರೇಡ್ ಮಕ್ಕಳಿರೋರು ಪೂರ್ತಿ ಓದಿ ಪ್ಲೀಸ್. ಈ ಶನಿವಾರ ಸಂಜೆ 7ಕ್ಕೆ, ಈಸ್ಟರ್ನ್ ಟೈಮ್, ಕಾಲೇಜ್ ಆರಿಸೋ ಬಗ್ಗೆ ಝೂಮ್ ಕಾಲ್ ಇದೆ. ಮಕ್ಕಳೂ ಇರ್ಲಿ, ಓದೋದು ಅವ್ರು ತಾನೆ.

ವಿಲಿಯಮ್ಸ್, ಆಮ್ಹರ್ಸ್ಟ್, ಸ್ವಾರ್ಥ್‌ಮೋರ್ ಅನ್ನೋ ಅಮೆರಿಕದ ಕಾಲೇಜುಗಳು ಮೂರೂ ಚಿಕ್ಕವು, ಮೂರೂ ಒಳ್ಳೇವು, ಹಾಗಾಗಿ ರ‍್ಯಾಂಕಿಂಗ್ ನೋಡಿ ತಲೆ ಕೆಡಿಸ್ಕೋಬೇಡಿ, ಒಳಗೆ ಓದೋ ರೀತಿ ನೋಡಿ. ವಿಲಿಯಮ್ಸಲ್ಲಿ ಟ್ಯುಟೋರಿಯಲ್ ಅಂತಿದೆ, ಇಬ್ರು ಸ್ಟೂಡೆಂಟ್ಸು ಒಬ್ರು ಪ್ರೊಫೆಸರ್ರು ಅಷ್ಟೇ, ಒಂದು ವಾರ ಒಬ್ರು ಬರ್ಕೊಂಡು ಬಂದ್ರೆ ಇನ್ನೊಬ್ರು ಅದರ ತಪ್ಪು ಒಪ್ಪು ಹೇಳ್ಬೇಕು, ಮುಂದಿನ ವಾರ ಉಲ್ಟಾ. ಮಾತಾಡೋಕೆ ಹಿಂಜರಿಯೋ ಮಕ್ಕಳಿಗೆ ಇದು ತುಂಬಾ ಒಳ್ಳೇದು ಅಂತ ನಂಗನ್ಸುತ್ತೆ. ಆಮ್ಹರ್ಸ್ಟಲ್ಲಿ ಎಲ್ರೂ ತಗೊಳ್ಲೇಬೇಕು ಅನ್ನೋ ಕೋರ್ ಸಬ್ಜೆಕ್ಟ್‌ಗಳ ಪಟ್ಟಿ ಇಲ್ಲ, ಪಕ್ಕದ ಬೇರೆ ಕಾಲೇಜುಗಳಲ್ಲೂ ಕ್ಲಾಸ್ ತಗೋಬಹುದು. ಸ್ವಾರ್ಥ್‌ಮೋರಲ್ಲಿ ಇಂಜಿನಿಯರಿಂಗೂ ಇದೆ, ಫಿಲಡೆಲ್ಫಿಯಾಕ್ಕೆ ಕ್ಯಾಂಪಸ್ ಹತ್ರಾನೇ ಟ್ರೇನು.

ಕಾಲ್‌ಗೆ ಮುಂಚೆ ಏಡ್ ಲೆಟರ್‌ಗಳನ್ನ (ಫೀಸಿಗೆ ಎಷ್ಟು ಸಹಾಯ ಅಂತ ಕಾಲೇಜು ಕಳ್ಸೋ ಪತ್ರ) ಪಕ್ಕಪಕ್ಕ ಇಟ್ಕೊಂಡು ಗ್ರಾಂಟ್ (ವಾಪಸ್ ಕೊಡ್ಬೇಕಾಗಿಲ್ಲದ ದುಡ್ಡು) ಎಷ್ಟು ಸಾಲ ಎಷ್ಟು ಅಂತ ಬೇರೆಬೇರೆ ಬರೀರಿ, ಕೆಲವು ಲೆಟರಲ್ಲಿ ಎರಡೂ ಒಟ್ಟಿಗೆ ಕೂಡ್ಸಿರ್ತಾರೆ, ನಮ್ಮನೇಲಿ ದೊಡ್ಡೋಳ ಟೈಮಲ್ಲಿ ಇದನ್ನ ಗಮನಿಸದೆ ಒಂದು ವಾರ ಸುಮ್ನೆ ಖುಷಿಪಟ್ಟಿದ್ವಿ. ಆಗೋದಾದ್ರೆ ಮಗೂನ ಒಂದು ಕ್ಲಾಸಲ್ಲಿ ಕೂರ್ಸ್ಕೊಂಡು ಬನ್ನಿ. ನಮ್ಮೋಳು ಹೋದಾಗ ಕ್ಲಾಸಲ್ಲಿ ಹನ್ನೊಂದೇ ಜನ, ಮೇಷ್ಟ್ರು ಇವಳ ಹೆಸರು ಕೇಳಿ ಚರ್ಚೆಗೆ ಸೇರಿಸ್ಕೊಂಡ್ರು, ಅಲ್ಲೇ ತೀರ್ಮಾನ ಆಗೋಯ್ತು.

ಬರೋರು ಗುರುವಾರ ರಾತ್ರಿಯೊಳಗೆ ಯಾವ ಯಾವ ಕಾಲೇಜ್ ಮಧ್ಯೆ ಗೊಂದಲ ಅಂತ ಇಲ್ಲೇ ಹಾಕಿ. ಏಡ್ ಮೊತ್ತ ಗ್ರೂಪಲ್ಲಿ ಹಾಕ್ಬೇಡಿ, ನಂಗೆ ಪರ್ಸನಲ್ ಮೆಸೇಜ್ ಮಾಡಿ.