ಹಿರಿಯರನ್ನೂ ಹುಡುಗರನ್ನೂ ಒಂದೇ ಟಿಕೆಟ್‌ಗೆ ಸೇರಿಸಿದ್ದರ ಬಗ್ಗೆ ದೂರು

ಇಂದ,
ಕಾರ್ಯದರ್ಶಿ,
ಭಜನಾ ಮಂಡಳಿ, ಬೆಂಗಳೂರು

ಗೆ,
ವ್ಯವಸ್ಥಾಪಕರು,
ಪ್ರವಾಸ ಮತ್ತು ಟಿಕೆಟ್ ಬುಕಿಂಗ್ ಕಚೇರಿ, ಬೆಂಗಳೂರು

ವಿಷಯ: ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ಪಂಢರಪುರಕ್ಕೆ 18 ಜನರ ಗುಂಪಿಗೆ ಸ್ಲೀಪರ್ ಟಿಕೆಟ್ ಮಾಡಿಕೊಡುವಲ್ಲಿ ಆದ ಸೇವಾ ನ್ಯೂನತೆ.

ಮಾನ್ಯರೆ,

ನಮ್ಮ ಭಜನಾ ಮಂಡಳಿಯವರು ವಿಠ್ಠಲನ ದರ್ಶನಕ್ಕೆಂದು ನಿಮ್ಮಲ್ಲಿ ಟಿಕೆಟ್ ಮಾಡಿಸಿ ಹೋಗಿಬಂದೆವು. ದರ್ಶನ ಚೆನ್ನಾಗಿ ಆಯಿತು. ಆದರೆ ಹೋಗುವಾಗ ರೈಲಿನಲ್ಲಿ ನಮ್ಮ ಹಿರಿಯರು ಪಟ್ಟ ಪಾಡಿಗೆ ನಿಮ್ಮ ಕಚೇರಿಯವರು ಟಿಕೆಟ್ ಮಾಡಿದ ರೀತಿಯೇ ಕಾರಣ. ಅದನ್ನು ನಿಮಗೆ ಲಿಖಿತವಾಗಿ ತಿಳಿಸಬೇಕೆಂದು ಮಂಡಳಿಯ ಸಭೆಯಲ್ಲಿ ತೀರ್ಮಾನವಾಗಿದೆ.

ನಾನು ಕೊಟ್ಟ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ವಯಸ್ಸು ಬರೆದಿತ್ತು. 18 ಜನರಲ್ಲಿ 10 ಮಂದಿ 60 ದಾಟಿದವರು. ಮೊಣಕಾಲಿನ ಆಪರೇಷನ್ ಆದವರು ಯಾರು, ರಾತ್ರಿ ಮತ್ತೆಮತ್ತೆ ಏಳಬೇಕಾದ ಸಕ್ಕರೆ ಕಾಯಿಲೆಯವರು ಯಾರು ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿಯೂ ಕೊಟ್ಟಿದ್ದೆ. "ಅದೆಲ್ಲ ನಮಗೆ ಬಿಡಿ ಮೇಡಂ, ಗ್ರೂಪಿಗೆ ಸೀಟು ಜೋಡಿಸಿ ಕೊಡ್ತೀವಿ" ಎಂದ ನಿಮ್ಮ ಕೌಂಟರಿನವರು ಟಿಕೆಟ್ ಹಣದ ಮೇಲೆ ತಲೆಗೆ ₹100ರಂತೆ ₹1,800 ಪಡೆದರು. ನಿಮ್ಮ ರಸೀತಿಯಲ್ಲಿ 'ಗ್ರೂಪ್ ಸೀಟ್ ವ್ಯವಸ್ಥೆ' ಎಂದೇ ನಮೂದಾಗಿದೆ.

ಮಾಡಿದ ವ್ಯವಸ್ಥೆ ಏನು? ಒಂದು ಟಿಕೆಟ್‌ನಲ್ಲಿ ಆರು ಜನರಿಗಷ್ಟೇ ಅವಕಾಶವಿರುವುದರಿಂದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಆರಾರು ಹೆಸರಿನಂತೆ ಕತ್ತರಿಸಿ ಮೂರು ಪಿಎನ್‌ಆರ್ ಮಾಡಿದ್ದಾರೆ. ಪಟ್ಟಿಯಲ್ಲಿ ಹೆಸರು ಮನೆವಾರು ಇದ್ದವು. ಹಾಗಾಗಿ ಮೂರೂ ಟಿಕೆಟ್‌ಗಳಲ್ಲಿ ಅಜ್ಜಿಯರೂ ಮೊಮ್ಮಕ್ಕಳೂ ಕೂಡಿಕೊಂಡರು.

ನಿಮ್ಮ ವೃತ್ತಿಯಲ್ಲಿರುವ ಯಾರಿಗೂ ಹೊಸದಲ್ಲದ ನಿಯಮವೊಂದನ್ನು ಇಲ್ಲಿ ಹೇಳಲೇಬೇಕು. 60 ತುಂಬಿದ ಗಂಡಸರಿಗೂ 45 ತುಂಬಿದ ಹೆಂಗಸರಿಗೂ ರೈಲ್ವೆ ಪ್ರತಿ ಸ್ಲೀಪರ್ ಬೋಗಿಯಲ್ಲಿ ಕೆಲವು ಕೆಳಗಿನ ಬರ್ತ್‌ಗಳನ್ನು ಮೀಸಲಿಟ್ಟಿದೆ. ಈ ಕೋಟಾ ಸಿಗಬೇಕಾದರೆ ಆ ಟಿಕೆಟ್‌ನಲ್ಲಿ ಅಂಥವರು ಒಬ್ಬರೋ ಇಬ್ಬರೋ ಮಾತ್ರ ಇರಬೇಕು. ಮೂರನೆಯವರು ಸೇರಿದರೂ, ಜೊತೆಗೆ ಒಬ್ಬ ಹುಡುಗ ಇದ್ದರೂ ಕಂಪ್ಯೂಟರ್ ಆ ಕೋಟಾವನ್ನು ಪರಿಗಣಿಸುವುದಿಲ್ಲ. ಅಂದರೆ ನಮ್ಮ ಹತ್ತು ಹಿರಿಯರನ್ನು ಇಬ್ಬಿಬ್ಬರಂತೆ ಐದು ಟಿಕೆಟ್ ಮಾಡಿ, ಉಳಿದ ಎಂಟು ಮಂದಿಗೆ ಬೇರೆ ಎರಡು ಟಿಕೆಟ್ ಮಾಡಬೇಕಿತ್ತು. ಎಲ್ಲರಿಗೂ ಒಂದೇ ಬೋಗಿಯಲ್ಲಿ ಬರ್ತ್ ಇದ್ದರೆ ಮಾತ್ರ ಬುಕ್ ಮಾಡು ಎಂಬ ಆಯ್ಕೆ ಐಆರ್‌ಸಿಟಿಸಿಯಲ್ಲಿದೆ. ಮೊದಲ ಟಿಕೆಟ್‌ಗೆ ಸಿಕ್ಕ ಬೋಗಿಯ ಸಂಖ್ಯೆಯನ್ನು ಮುಂದಿನ ಟಿಕೆಟ್‌ಗಳಲ್ಲಿ ಆದ್ಯತೆಯ ಕೋಚ್ ಎಂದು ತುಂಬುವ ಜಾಗವೂ ಇದೆ. ಹೀಗೆ ಮಾಡಿದರೂ ಎಲ್ಲರಿಗೂ ಕೆಳಗಿನ ಬರ್ತ್ ಖಂಡಿತ ಸಿಗುತ್ತದೆಂದು ನಾನು ವಾದಿಸುತ್ತಿಲ್ಲ. ಆದರೆ ಆ ಪ್ರಯತ್ನ ಮಾಡುವುದಕ್ಕೆಂದೇ ನೀವು ನಮ್ಮಿಂದ ಹಣ ಪಡೆದದ್ದು.

ಪರಿಣಾಮ ನಮ್ಮ ಕಣ್ಣೆದುರೇ ಇತ್ತು. ಎಸ್2, ಎಸ್5, ಎಸ್6 ಎಂದು ಮೂರು ಬೋಗಿಗೆ ಹರಿದು ಹಂಚಿಹೋದೆವು. ಎರಡೂ ಮೊಣಕಾಲಿಗೆ ಆಪರೇಷನ್ ಆಗಿರುವ 71 ವರ್ಷದ ತಾಯಿಗೆ ಎಸ್5ರಲ್ಲಿ 22ನೇ ನಂಬರ್, ಅಂದರೆ ಅಪ್ಪರ್ ಬರ್ತ್. ಆ ಏಣಿಯ ಕಂಬಿಗಳ ಮೇಲೆ ಅವರು ಒಂದು ಕಾಲನ್ನೂ ಇಡಲಾರರು. ಅವರದೇ ಟಿಕೆಟ್‌ನಲ್ಲಿದ್ದ ಕಾಲೇಜು ಹುಡುಗಿಗೆ ಕೆಳಗಿನ ಬರ್ತ್ ಬಂದಿತ್ತು. ಅವಳು ತಕ್ಷಣ ಬಿಟ್ಟುಕೊಟ್ಟಳು. ಅದೇ ಬೋಗಿಯಲ್ಲಿದ್ದ ಇನ್ನಿಬ್ಬರು ಅಜ್ಜಿಯರಿಗೆ ಹಾಗೆ ಬಿಟ್ಟುಕೊಡಲು ನಮ್ಮವರಲ್ಲಿ ಬೇರೆ ಯಾರಿಗೂ ಕೆಳಗಿನ ಬರ್ತ್ ಇರಲಿಲ್ಲ. ಹಿರಿಯ ದಂಪತಿ ಒಬ್ಬರಲ್ಲಿ ಯಜಮಾನರು ಎಸ್2ರಲ್ಲಿ, ಹೆಂಡತಿ ಎಸ್6ರಲ್ಲಿ. ಯಜಮಾನರ ಇನ್ಸುಲಿನ್ ಇದ್ದ ಚೀಲ ಹೆಂಡತಿಯ ಕೈಯಲ್ಲಿ ಉಳಿದಿತ್ತು. ಊಟಕ್ಕೆ ಮುಂಚೆ ಅದನ್ನು ತಲುಪಿಸಲು ನಮ್ಮ ಹುಡುಗನೊಬ್ಬ ಓಡುತ್ತಿರುವ ರೈಲಿನಲ್ಲಿ, ನಡುದಾರಿಯಲ್ಲಿ ಕೂತವರನ್ನೆಲ್ಲ ದಾಟಿಕೊಂಡು ಹೋಗಬೇಕಾಯಿತು.

ಅರಸೀಕೆರೆ ದಾಟುವವರೆಗೂ ಕಂಡಕಂಡವರ ಮುಂದೆ ಕೈಮುಗಿದು ಸೀಟು ಬದಲಿಸಿಕೊಳ್ಳುವುದೇ ನನ್ನ ಕೆಲಸವಾಯಿತು. ಬಾಗಲಕೋಟೆಗೆ ಹೊರಟಿದ್ದ ಯುವಕನೊಬ್ಬ ಮರುಮಾತಿಲ್ಲದೆ ತನ್ನ ಹಾಸಿಗೆ ಮಡಚಿಕೊಂಡು ಮೇಲೆ ಹತ್ತಿದ. ಅವನ ಉಪಕಾರ ನಾವು ಮರೆಯುವಂಥದ್ದಲ್ಲ. ಇನ್ನು ಕೆಲವರು ಒಪ್ಪಲಿಲ್ಲ, ಅವರನ್ನು ದೂರುವುದೂ ಸರಿಯಲ್ಲ; ಅದು ಅವರು ದುಡ್ಡು ಕೊಟ್ಟು ಪಡೆದ ಜಾಗ. ಟಿಸಿಯವರು ಪಟ್ಟಿ ನೋಡಿ, ಕೆಳಗಿನ ಬರ್ತ್ ಖಾಲಿ ಉಳಿದಿದ್ದರೆ ಹಿರಿಯರಿಗೆ ಕೊಡಲು ತಮಗೆ ಅಧಿಕಾರವಿದೆ, ಆದರೆ ಇಂದು ಒಂದೂ ಖಾಲಿಯಿಲ್ಲ ಎಂದರು. ಕೊನೆಗೆ ಒಬ್ಬ ಅಜ್ಜಿ ರಾತ್ರಿಯಿಡೀ ಇನ್ನೊಬ್ಬರ ಕಾಲ ಬಳಿ ಕೂತೇ ಕಳೆದರು. ಹತ್ತು ಗಂಟೆಯ ಮೇಲೆ ಮಿಡಲ್ ಬರ್ತ್ ಬಿಚ್ಚಿದರೆ ಕೆಳಗೆ ಬೆನ್ನು ನೆಟ್ಟಗೆ ಮಾಡಿ ಕೂರುವುದಕ್ಕೂ ಆಗುವುದಿಲ್ಲ. ಬೆಳಗ್ಗೆ ಅವರ ಪಾದಗಳು ಊದಿಕೊಂಡು ಚಪ್ಪಲಿ ಹಿಡಿಸಲಿಲ್ಲ.

ಬರ್ತ್ ನಂಬರ್ ಟಿಕೆಟ್ ಖಚಿತವಾದ ಕ್ಷಣದಲ್ಲೇ ನಿಮ್ಮ ಪರದೆಯ ಮೇಲೆ ಬಂದಿರುತ್ತದೆ. ಆದರೂ ನಮಗೆ "ಕನ್ಫರ್ಮ್ ಆಗಿದೆ" ಎಂದಷ್ಟೇ ಹೇಳಿ, ಟಿಕೆಟ್ ಪ್ರತಿಯನ್ನು ಹೊರಡುವ ಮುನ್ನಾದಿನ ಕೊಟ್ಟಿರಿ. ಮೊದಲೇ ತೋರಿಸಿದ್ದರೆ ರದ್ದು ಮಾಡಿ ಬೇರೆ ಟಿಕೆಟ್ ಮಾಡಿಸಲು ಕಾಲಾವಕಾಶವಿತ್ತು. ಪ್ರಶ್ನಿಸಿದಾಗ ಸಿಕ್ಕ ಉತ್ತರ: "ಸೀಟು ಕೊಡೋದು ರೈಲ್ವೆ ಕಂಪ್ಯೂಟರ್, ರೈಲಿನಲ್ಲಿ ಅಡ್ಜಸ್ಟ್ ಮಾಡ್ಕೊಳ್ಳಿ." ಈ ಉತ್ತರವನ್ನು ನಾವು ಒಪ್ಪುವುದಿಲ್ಲ, ಅದಕ್ಕೆ ಆಧಾರವೂ ಇದೆ. ವಾಪಸ್ ಬರುವ ದಿನ ಮೊದಲು ಗೊತ್ತಾಗದ ಕಾರಣ ಆ ಟಿಕೆಟ್‌ಗಳನ್ನು ನಮ್ಮ ಸದಸ್ಯೆಯೊಬ್ಬರು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಮಾಡಿದ್ದರು. ಅದೇ ರೈಲು, ವಿಜಯಪುರದಿಂದ ಬೆಂಗಳೂರಿಗೆ, ಅದೇ ಸ್ಲೀಪರ್. ಹಿರಿಯರನ್ನು ಇಬ್ಬಿಬ್ಬರಂತೆ ಬೇರೆ ಮಾಡಿದರು. ಹತ್ತರಲ್ಲಿ ಎಂಟು ಮಂದಿಗೆ ಕೆಳಗಿನ ಬರ್ತ್ ಬಂತು, ಅದೂ ಅಕ್ಕಪಕ್ಕದ ಎರಡು ಬೋಗಿಗಳಲ್ಲಿ. ಎರಡೂ ಕಡೆಯ ಟಿಕೆಟ್ ಪ್ರತಿಗಳು ಈ ಪತ್ರದ ಜೊತೆಗಿವೆ, ದಯವಿಟ್ಟು ಪಕ್ಕಪಕ್ಕ ಇಟ್ಟು ನೋಡಿ.

ಹಣದ ಮಾತು. ಅಧಿಕೃತ ಏಜೆಂಟರು ಸ್ಲೀಪರ್ ಟಿಕೆಟ್ ಒಂದಕ್ಕೆ ₹20, ಎಸಿ ಟಿಕೆಟ್‌ಗೆ ₹40 ಸೇವಾಶುಲ್ಕವನ್ನೂ ಅದರ ಮೇಲಿನ ತೆರಿಗೆಯನ್ನೂ ಪಡೆಯಬಹುದು. ಅದೂ ತಲೆಲೆಕ್ಕದಲ್ಲಲ್ಲ, ಟಿಕೆಟ್ ಲೆಕ್ಕದಲ್ಲಿ. ನಮ್ಮ ಮೂರು ಟಿಕೆಟ್‌ಗೆ ಅದು ₹60 ಮತ್ತು ತೆರಿಗೆ. ನಿಮಗೆ ನ್ಯಾಯವಾಗಿ ಸಲ್ಲುವ ಈ ಶುಲ್ಕ ಮತ್ತು ಪಾವತಿ ಶುಲ್ಕ ಇದ್ದರೆ ಅದನ್ನು ಇಟ್ಟುಕೊಂಡು, ₹1,800ರಲ್ಲಿ ಉಳಿದ ಮೊತ್ತವನ್ನು ಮಂಡಳಿಯ ಖಾತೆಗೆ ಹಿಂತಿರುಗಿಸಬೇಕು. ಈ ಟಿಕೆಟ್‌ಗಳನ್ನು ಅಧಿಕೃತ ಏಜೆಂಟ್ ಐಡಿಯಿಂದ ಮಾಡಿದ್ದೀರೋ, ಯಾರದೋ ಖಾಸಗಿ ಐಡಿಯಿಂದಲೋ ಎಂಬುದನ್ನೂ ಸ್ಪಷ್ಟಪಡಿಸಬೇಕು. ಅನುಮತಿಯಿಲ್ಲದೆ ರೈಲು ಟಿಕೆಟ್ ವ್ಯಾಪಾರ ನಡೆಸುವುದು 1989ರ ರೈಲ್ವೆ ಕಾಯ್ದೆಯ 143ನೇ ಕಲಂ ಪ್ರಕಾರ ಅಪರಾಧ ಎಂಬುದು ನಿಮಗೂ ತಿಳಿದಿರುತ್ತದೆ.

ನನಗೆ ಹಣಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ನಿಮ್ಮ ಕಚೇರಿಗೆ ಕಾಶಿ, ತಿರುಪತಿ, ಶಿರಡಿ ಎಂದು ವಯಸ್ಸಾದವರ ಗುಂಪುಗಳು ಬರುತ್ತಲೇ ಇರುತ್ತವೆ. ಅವರಲ್ಲಿ ಹಲವರಿಗೆ ಈ ನಿಯಮ ಗೊತ್ತಿರುವುದಿಲ್ಲ, ಅದಕ್ಕೇ ನಿಮ್ಮ ಬಳಿ ಬರುತ್ತಾರೆ. ಗುಂಪಿನ ಪಟ್ಟಿ ಬಂದಾಗ ಹಿರಿಯರನ್ನು ಮೊದಲು ಬೇರ್ಪಡಿಸಿ ಬುಕ್ ಮಾಡಬೇಕು, ಟಿಕೆಟ್ ಆದ ದಿನವೇ ಬರ್ತ್ ನಂಬರ್‌ಗಳನ್ನು ಗ್ರಾಹಕರಿಗೆ ಕೊಡಬೇಕು ಎಂದು ನಿಮ್ಮ ಸಿಬ್ಬಂದಿಗೆ ಲಿಖಿತ ಸೂಚನೆ ಕೊಟ್ಟು, ಅದರ ಪ್ರತಿಯನ್ನು ನಮಗೂ ಕಳುಹಿಸಿ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇವೆ. ಅಲ್ಲಿಯೂ ಬಗೆಹರಿಯದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ರಸೀತಿ, ನಿಮಗೆ ಕೊಟ್ಟ ಪಟ್ಟಿಯ ನಕಲು ಎರಡೂ ನಮ್ಮ ಬಳಿ ಭದ್ರವಾಗಿವೆ.

ಇಂತಿ,
ಕಾರ್ಯದರ್ಶಿ,
ಭಜನಾ ಮಂಡಳಿಯ ಎಲ್ಲ ಸದಸ್ಯರ ಪರವಾಗಿ